ಫಿಡೆಲ್ ಕ್ಯಾಸ್ಟ್ರೋ ಅಡಗಿದ್ದ ಬೆಟ್ಟದ ಮನೆಗೆ ಹೋಗುವುದು ಹೇಗೆ

ಕ್ಯೂಬಾಗೆ ಹೋಗುವವರಲ್ಲಿ ಹೆಚ್ಚಿನವರು ಹವಾನಾದ ಹಳೇ ಕಾರು, ವರಾದೆರೋ ಬೀಚು ನೋಡಿ ವಾಪಸ್ ಬಂದುಬಿಡುತ್ತಾರೆ. ದೇಶದ ಪೂರ್ವದಲ್ಲಿ ಸಿಯೆರಾ ಮಾಯೆಸ್ತ್ರಾ ಅಂತ ಬೆಟ್ಟಸಾಲು ಇದೆ. ಅದರ ಕಾಡಿನೊಳಗೆ ಕೊಮಾಂದಾನ್ಸಿಯಾ ದೆ ಲಾ ಪ್ಲಾತಾ, ಅಂದರೆ ಕ್ರಾಂತಿಯ ಕಾಲದಲ್ಲಿ ಗೆರಿಲ್ಲಾಗಳ ಮುಖ್ಯ ಬಿಡಾರ. 1958ರಲ್ಲಿ ಸರ್ವಾಧಿಕಾರಿ ಬತಿಸ್ತಾ ಸಾವಿರಾರು ಸೈನಿಕರನ್ನು ಬೆಟ್ಟಕ್ಕೆ ಹತ್ತಿಸಿ ಹುಡುಕಿಸುತ್ತಿದ್ದ ಫಿಡೆಲ್ ಕ್ಯಾಸ್ಟ್ರೋ ಇಲ್ಲೇ ಇದ್ದದ್ದು, ಮತ್ತೆ ಕೊನೆವರೆಗೂ ಆ ಸೈನ್ಯಕ್ಕೆ ಈ ಜಾಗ ಸಿಗಲೇ ಇಲ್ಲ. ಎರಡು ದಿನ ಜಾಸ್ತಿ ಇದ್ದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಕು. ಬ್ರಿಟನ್ ಅಥವಾ ಯುರೋಪಿನ ಪಾಸ್‌ಪೋರ್ಟ್ ಇರುವ ಕನ್ನಡಿಗರು ಒಂದು ವಿಷಯ ನೆನಪಿಡಿ: 2021ರ ಜನವರಿಯಿಂದೀಚೆಗೆ ಕ್ಯೂಬಾಗೆ ಹೋಗಿ ಬಂದವರಿಗೆ ಅಮೆರಿಕದ ವೀಸಾರಹಿತ ಪ್ರವೇಶ ಸಿಗುವುದಿಲ್ಲ, ಪೂರ್ತಿ ವೀಸಾಗೆ ಅರ್ಜಿ ಹಾಕಬೇಕು. ಅಮೆರಿಕದಲ್ಲೇ ಇರುವವರು ಸುಮ್ನೆ ಟೂರಿಸ್ಟ್ ಅಂತ ಹೋಗುವ ಹಾಗಿಲ್ಲ, ಅಲ್ಲಿನ ಸರ್ಕಾರ ಒಪ್ಪುವ ಕಾರಣಗಳಲ್ಲಿ ಒಂದಕ್ಕೆ ನಿಮ್ಮ ಪ್ರಯಾಣ ಸೇರಬೇಕು. ಅಮೆರಿಕದ ಬ್ಯಾಂಕಿನ ಕಾರ್ಡ್ ಕ್ಯೂಬಾದಲ್ಲಿ ನಡೆಯುವುದಿಲ್ಲ. ಯೂರೋ ಅಥವಾ ಡಾಲರ್ ನಗದು ಇಟ್ಟುಕೊಳ್ಳಿ, ಚಿಕ್ಕ ನೋಟುಗಳೇ ಜಾಸ್ತಿ ಇರಲಿ.

ದಾರಿ ಹೀಗೆ. ಬಾಯಾಮೋ ಊರಿಗೆ ಬನ್ನಿ, ಅಲ್ಲಿಂದ ಬಾರ್ತೊಲೊಮೆ ಮಾಸೋ ಊರಿನ ಮೂಲಕ ಸಾಂತೋ ದೊಮಿಂಗೋ ಹಳ್ಳಿಗೆ. ಯಾರಾ ನದಿ ದಡದ ಪುಟ್ಟ ಊರು. ಅಲ್ಲಿಗೆ ಬಸ್ಸನ್ನು ನಂಬಿಕೊಂಡು ಹೊರಡಬೇಡಿ, ಬಾಯಾಮೋದಲ್ಲೇ ಟ್ಯಾಕ್ಸಿ ಮಾತಾಡಿ. ಈಚಿನ ವರ್ಷಗಳಲ್ಲಿ ಪೆಟ್ರೋಲಿಗೂ ಕರೆಂಟಿಗೂ ತುಂಬ ಪರದಾಟ ಇರುವುದರಿಂದ ಹೋಗುವುದು, ಬರುವುದು ಎರಡನ್ನೂ ಒಂದೇ ಸಲ ಮುಗಿಸಿಕೊಳ್ಳುವುದು ಕ್ಷೇಮ. ಹಿಂದಿನ ರಾತ್ರಿ ಹಳ್ಳಿಯಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಿರಿ, ಬಾಡಿಗೆಗೆ ಕೋಣೆ ಕೊಡುತ್ತಾರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ.

ಇದು ತುರ್ಕಿನೋ ರಾಷ್ಟ್ರೀಯ ಉದ್ಯಾನ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಹಳ್ಳಿಯಲ್ಲಿರುವ ಉದ್ಯಾನದ ಕಚೇರಿಯಲ್ಲೇ ಗೈಡ್ ಸಿಗುತ್ತಾರೆ. ಫೋಟೋಗೆ ಬೇರೆ ದುಡ್ಡು ಇದೆಯಾ ಅಂತ ಅಲ್ಲೇ ಕೇಳಿಕೊಳ್ಳಿ. ಅಲ್ಲಿಂದ ಆಲ್ತೋ ದೆಲ್ ನರಾನ್ಹೋವರೆಗೆ 5 ಕಿಲೋಮೀಟರ್ ಕಾಂಕ್ರೀಟ್ ರಸ್ತೆ. ಗೋಡೆ ಹತ್ತಿದ ಹಾಗೆ ಕಡಿದಾಗಿದೆ. ಜೀಪ್ ಸಿಕ್ಕರೆ ಹತ್ತಿಬಿಡಿ, ಕಾಲಿನ ಶಕ್ತಿ ಮುಂದಕ್ಕೆ ಬೇಕು. ನರಾನ್ಹೋದಲ್ಲಿ ದಾರಿ ಎರಡಾಗುತ್ತದೆ. ಒಂದು ತುರ್ಕಿನೋ ಶಿಖರಕ್ಕೆ, ಅದು 1974 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ. ಇನ್ನೊಂದು ಲಾ ಪ್ಲಾತಾಗೆ, ಬರೀ 3 ಕಿಲೋಮೀಟರ್ ಕಾಲುದಾರಿ. ಕೆಸರು ಇರುತ್ತದೆ, ಹಿಡಿತ ಇರುವ ಶೂ ಹಾಕಿ.

ಈ ದಾರಿಯಲ್ಲಿ ಆತುರ ಬೇಡ. ನಡುವೆ ಕಾಸಾ ಮೆದಿನಾ ಅಂತ ಒಂದು ರೈತರ ಮನೆ ಸಿಗುತ್ತದೆ, ಫಿಡೆಲ್‌ಗೆ ಆಸರೆಯಾದ ಕುಟುಂಬದ್ದು. ಇಲ್ಲಿ ಸ್ವಲ್ಪ ಹೊತ್ತು ಕೂರಿ. ಕಾಡು ದಟ್ಟವಾಗಿದ್ದ ಮಾತ್ರಕ್ಕೆ ಯಾರೂ ಬಚಾವಾಗುವುದಿಲ್ಲ. 1957ರ ಜನವರಿಯಲ್ಲಿ ಯುತಿಮಿಯೋ ಗೆರ್ರಾ ಅನ್ನುವ ಒಬ್ಬನೇ ಒಬ್ಬ ರೈತ ಸೈನ್ಯಕ್ಕೆ ಸುಳಿವು ಕೊಟ್ಟಿದ್ದಕ್ಕೆ ಗೆರಿಲ್ಲಾಗಳ ಬಿಡಾರದ ಮೇಲೆ ವಿಮಾನದಿಂದ ಬಾಂಬ್ ಬಿತ್ತು, ಮುಂದೆ ಸಿಕ್ಕಿಬಿದ್ದ ಅವನನ್ನು ಗೆರಿಲ್ಲಾಗಳೇ ಕೊಂದರು. ಆಮೇಲೆ ಲಾ ಪ್ಲಾತಾ ಉಳಿದದ್ದು ಬೆಟ್ಟದ ಜನ ಬಾಯಿ ಬಿಡದೆ ಇದ್ದದ್ದರಿಂದ. ದಾರಿ ಗೊತ್ತಿದ್ದವರು, ಅಕ್ಕಿ ಕಾಳು ಹೊತ್ತವರು, ಸುದ್ದಿ ಮುಟ್ಟಿಸಿದವರು ಎಲ್ಲ ಅವರೇ.

ಮೇಲೆ ಹೋದರೆ ಮರದ ಹದಿನಾರು ಕಟ್ಟಡಗಳು, ಒಂದಕ್ಕೊಂದು ಕಾಣದ ಹಾಗೆ ಮರಗಳ ಕೆಳಗೆ ಚದುರಿವೆ. ಫಿಡೆಲ್ ಜೊತೆಗಾರ, ವೈದ್ಯನೂ ಆಗಿದ್ದ ಚೆ ಗೆವಾರಾನ ಹೆಸರಿನ ಜೊತೆ ಸೇರಿಸಿ ಹೇಳುವ ಆಸ್ಪತ್ರೆ ಇದೆ. ಇನ್ನೂ ಮೇಲೆ ಗೆರಿಲ್ಲಾಗಳ ಬಾನುಲಿ ಕೇಂದ್ರ ರೇಡಿಯೋ ರೆಬೆಲ್ದೆ. ಆದರೆ ಜಾಸ್ತಿ ಹೊತ್ತು ಫಿಡೆಲ್ ಮನೆಯ ಹತ್ತಿರ ಕಳೆಯಿರಿ. ಇಳಿಜಾರಿಗೆ ಅಂಟಿಕೊಂಡ ಮರದ ಮನೆ, ಗರಿಯ ಮಾಡು, ಪಕ್ಕದಲ್ಲೇ ತೊರೆ. ತಪ್ಪಿಸಿಕೊಳ್ಳಲು ಏಳು ದಾರಿ ಇತ್ತು ಅಂತ ಗೈಡ್‌ಗಳು ಹೇಳುತ್ತಾರೆ, ಒಂದೊಂದನ್ನೂ ತೋರಿಸಲು ಕೇಳಿ. ಒಳಗೆ ಸೀಮೆಎಣ್ಣೆಯಿಂದ ಓಡುವ ಫ್ರಿಜ್ ಇದೆ. ಅದರ ಮೇಲಿನ ಗುಂಡಿನ ಗುರುತು ಹುಡುಕಿ ನೋಡಿ. ಈ ಏರು ದಾರಿಯಲ್ಲಿ ಆ ಭಾರವನ್ನು ಮನುಷ್ಯರು ಹೊತ್ತು ತಂದಿದ್ದಾರೆ ಅಂದರೆ ಯೋಚಿಸಿ. ಆಮೇಲೆ ಸ್ವಲ್ಪ ಹಿಂದೆ ಸರಿದು ಮೇಲಕ್ಕೆ ನೋಡಿ, ಎಲೆ ಬಿಟ್ಟು ಆಕಾಶ ಎಷ್ಟು ಕಾಣುತ್ತದೆ ಅಂತ. ವಿಮಾನಕ್ಕೆ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಬೇರೆ ವಿವರಣೆ ಬೇಡ, ಅಲ್ವಾ?

ಗೈಡ್ ಹೇಳುವುದು ಸರ್ಕಾರದ ಕಡೆಯ ಕಥೆ, ಅದನ್ನು ತಿಳಿದುಕೊಂಡೇ ಕೇಳಿ. ಇದೇ ಬೆಟ್ಟಕ್ಕೆ ಕೋಸ್ಟಾರಿಕಾದಿಂದ ವಿಮಾನದಲ್ಲಿ ಆಯುಧ ತಂದುಕೊಟ್ಟು ಕಮಾಂಡರ್ ಆದ ಊಬೆರ್ ಮಾತೋಸ್, ಕ್ರಾಂತಿ ಗೆದ್ದ ವರ್ಷವೇ, ಅಂದರೆ 1959ರಲ್ಲಿ, ಫಿಡೆಲ್ ಜೊತೆ ಭಿನ್ನಾಭಿಪ್ರಾಯ ಬಂದು 20 ವರ್ಷ ಜೈಲಿನಲ್ಲಿ ಕಳೆದರು. ಅವರ ಬಗ್ಗೆ ಹೋಗುವ ಮೊದಲೇ ಓದಿಕೊಳ್ಳಿ. ಅಲ್ಲಿ ಜಗಳಕ್ಕೆ ನಿಂತು ವಾದ ಮಾಡಬೇಡಿ, ಗೈಡ್‌ಗೆ ಕೆಲಸ ಹೋದೀತು.

ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಮೇಲೆ ಮೋಡ ಮಳೆ ಸಾಮಾನ್ಯ. ನೀರು ಮತ್ತೆ ತಿನ್ನಲು ಏನಾದರೂ ಹಳ್ಳಿಯಿಂದಲೇ ಕಟ್ಟಿಕೊಂಡು ಹೋಗಿ. ಇಳಿಯುವಾಗ ಜೀಪ್ ಕಾಯಲು ಹೇಳಿರಿ, ಆ 5 ಕಿಲೋಮೀಟರ್ ಇಳಿಜಾರು ಮಂಡಿಗೆ ಹತ್ತುವುದಕ್ಕಿಂತ ಕಷ್ಟ.