ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳುವ ಮುನ್ನ ಅದರ ಕೆಳಗೆ ಮಲಗಿ ನೋಡಿ

ಹಳೆಯ ಜೀಪು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡುತ್ತಾರೆ. ಸ್ಟೇರಿಂಗ್ ಹಿಡಿದು ಒಂದು ಸುತ್ತು ಹೋಗಿ ಬರುತ್ತಾರೆ. ಅಷ್ಟರಲ್ಲಿ ಮನಸ್ಸು ಸೋತಿರುತ್ತದೆ. ನಾನು ಮೊದಲ ಗಾಡಿಯನ್ನು ಹಾಗೇ ಕೊಂಡೆ. ಎಂಜಿನ್ ಗಟ್ಟಿಯಾಗಿತ್ತು, ಬಣ್ಣ ಫಳಫಳ ಹೊಳೆಯುತ್ತಿತ್ತು. ಎರಡು ತಿಂಗಳಾದ ಮೇಲೆ ಚಕ್ರ ಬಿಚ್ಚಲು ಜ್ಯಾಕ್ ಇಟ್ಟೆ. ಗಾಡಿ ಮೇಲೇಳಲಿಲ್ಲ, ಜ್ಯಾಕೇ ಚಾಸಿಯೊಳಕ್ಕೆ, ಅಂದರೆ ಇಡೀ ಗಾಡಿಯನ್ನು ಹೊರುವ ಚೌಕಟ್ಟಿನೊಳಕ್ಕೆ ಹೋಯಿತು. ದಪ್ಪಗೆ ಬಳಿದಿದ್ದ ಕಪ್ಪು ಬಣ್ಣದ ಒಳಗೆ ಕಬ್ಬಿಣ ಉಳಿದೇ ಇರಲಿಲ್ಲ, ಪದರ ಪದರ ತುಕ್ಕು ಉದುರಿತು.

ಎಂಜಿನ್ ಕೆಟ್ಟರೆ ಇಳಿಸಿ ಸರಿ ಮಾಡಬಹುದು, ಬೇರೆಯದನ್ನೇ ಕೂರಿಸಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ. ಅದಕ್ಕೇ ಇಲ್ಲಿ ನೆಲದಿಂದ ಶುರು ಮಾಡಿ ಮೇಲಕ್ಕೆ ಹೋಗೋಣ.

ಹಂತ 1: ಈ ಗಾಡಿ ಯಾಕೆ ಹೀಗಿದೆ ಅಂತ ತಿಳಿಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಗಾಡಿ ಹುಟ್ಟಿದ ಕಥೆ ಗೊತ್ತಿದ್ದರೆ ಅದರ ಸದ್ದು, ಕುಲುಕಾಟ, ನಿಧಾನ ಎಲ್ಲಕ್ಕೂ ಕಾರಣ ಸಿಗುತ್ತದೆ.

1940ರಲ್ಲಿ ಯುರೋಪಿನಲ್ಲಿ ಯುದ್ಧ ಜೋರಾಗಿತ್ತು. ಅಮೆರಿಕದ ಸೇನೆಗೆ ನಾಲ್ಕೂ ಚಕ್ರ ಎಳೆಯುವ ಚಿಕ್ಕ, ಹಗುರ ಗಾಡಿ ತುರ್ತಾಗಿ ಬೇಕಿತ್ತು. 135 ಕಂಪನಿಗಳಿಗೆ ಪತ್ರ ಹೋಯಿತು. ಮಾದರಿ ಗಾಡಿ ಕೊಡಲು ಕೊಟ್ಟ ಗಡುವು ಬರೀ 49 ದಿನ! ಅಮೆರಿಕನ್ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಬರೆದ ನಕ್ಷೆಯಿಂದ ಗಾಡಿ ಕಟ್ಟಿ, ಆ ಸೆಪ್ಟೆಂಬರ್ 23ರಂದು ಸೇನೆಯ ಬಾಗಿಲಿಗೆ ಓಡಿಸಿಕೊಂಡು ಹೋಯಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಜಾಸ್ತಿ ಜೀಪುಗಳು ತಯಾರಾಗಿದ್ದವು. ಬ್ಯಾಂಟಮ್‌ಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಆ ಗಾಡಿಯನ್ನು ರಿಪೇರಿ ಮಾಡಬೇಕಾದವನು ಇಪ್ಪತ್ತು ವರ್ಷದ ಸೈನಿಕ. ಜಾಗ ಕೆಸರಿನ ನೆಲ, ಕೈಯಲ್ಲಿ ನಾಲ್ಕು ಸ್ಪ್ಯಾನರ್. ಹಾಗಾಗಿ ಎಲ್ಲವೂ ಕೈಗೆ ಸಿಗುವಂತೆ, ಬಿಚ್ಚಿ ಹಾಕುವಂತೆ ಇತ್ತು. ಕೆಳಗೆ ಏಣಿಯಂಥ ಚಾಸಿ, ಅದರ ಕೆಳಗೆ ಎಡ-ಬಲ ಚಕ್ರಗಳನ್ನು ಜೋಡಿಸುವ ಎರಡು ಗಟ್ಟಿ ಆಕ್ಸಲ್, ನಡುವೆ ಪಟ್ಟಿ ಸ್ಪ್ರಿಂಗ್. ಮೇಲಿನ ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಮುಂದೆ ಎಷ್ಟೋ ವರ್ಷ ಬಂದ ಒರಟು ಗಾಡಿಗಳಲ್ಲಿ ಹೆಚ್ಚಿನವು ಇದೇ ಮೂಳೆಗೂಡನ್ನು ಇಟ್ಟುಕೊಂಡವು.

ಬ್ರಿಟನ್ನಿನ ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತಮ್ಮ ಹೊಲದಲ್ಲಿ ಯುದ್ಧದಿಂದ ಉಳಿದ ಇಂಥದ್ದೇ ಒಂದು ಜೀಪು ಓಡಿಸುತ್ತಿದ್ದರು. ಅದನ್ನು ನೋಡಿಯೇ ಲ್ಯಾಂಡ್ ರೋವರ್ ಯೋಚನೆ ಬಂದಿದ್ದು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದು ಹೊರಗೆ ಬಂತು. ಆಗ ಅಲ್ಲಿ ಉಕ್ಕಿಗೆ ರೇಷನ್ ಇತ್ತು. ಆದ್ದರಿಂದ ಬಾಡಿಗೆ ಅಲ್ಯುಮಿನಿಯಂ ಮಿಶ್ರಲೋಹ ಬಳಸಿದರು. ಚಾಸಿ ಮಾತ್ರ ಉಕ್ಕಿನದೇ. ಈ ಮಾತು ನೆನಪಿಟ್ಟುಕೊಳ್ಳಿ, ಮೂರನೇ ಹಂತದಲ್ಲಿ ಬೇಕಾಗುತ್ತದೆ. 1951ರಲ್ಲಿ ಟೊಯೋಟಾದವರು ತಮ್ಮ ಬಿಜೆ ಗಾಡಿಯನ್ನು ಫ್ಯೂಜಿ ಪರ್ವತದ ಆರನೇ ತಂಗುದಾಣದವರೆಗೆ ಹತ್ತಿಸಿ ತೋರಿಸಿದರು. 1954ರಲ್ಲಿ ಅದಕ್ಕೆ ಲ್ಯಾಂಡ್ ಕ್ರೂಸರ್ ಅಂತ ಹೆಸರಾಯಿತು. 1970ರಲ್ಲಿ ಸುಜುಕಿಯ ಪುಟ್ಟ ಜಿಮ್ನಿ ಬಂತು, ಎಂಜಿನ್ ಬರೀ 359 ಸಿಸಿ. ಹಗುರವಾಗಿದ್ದರೆ ಸಾಕು, ಕಡಿಮೆ ಶಕ್ತಿಯಲ್ಲೂ ಕೆಸರು ದಾಟಬಹುದು ಅಂತ ಅದು ತೋರಿಸಿಕೊಟ್ಟಿತು. 1977ರಲ್ಲಿ ರಷ್ಯಾದ ಲಾಡಾ ನೀವಾ ಬೇರೆಯದೇ ದಾರಿ ಹಿಡಿಯಿತು. ಅದಕ್ಕೆ ಪ್ರತ್ಯೇಕ ಚಾಸಿಯೇ ಇಲ್ಲ, ಕಾರಿನಂತೆ ಬಾಡಿಯೇ ಆಧಾರ.

ಹಂತ 2: ಯಾವ ಕೆಲಸಕ್ಕೆ ಅಂತ ತೀರ್ಮಾನಿಸಿ

ದಿನಾ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡಾಡುವವರಿಗೆ ಇದು ಸಾಥಿ ಅಲ್ಲ. ಬೆನ್ನು ನೋಯುತ್ತದೆ, ಇಂಧನ ಕುಡಿಯುತ್ತದೆ, ಒಳಗೆ ಮಾತಾಡಿದರೆ ಕೇಳಿಸುವುದಿಲ್ಲ. ಕಚ್ಚಾ ದಾರಿ, ಹೊಲ, ಗುಡ್ಡ, ತಿಂಗಳಿಗೆರಡು ಪ್ರವಾಸ ಅನ್ನುವವರು ಮುಂದೆ ಓದಿ.

ಹಂತ 3: ಕೆಳಗೆ ಮಲಗಿ

ಹಳೆ ಬಟ್ಟೆ ಹಾಕಿಕೊಂಡು ಹೋಗಿ. ಜೊತೆಗೆ ಒಂದು ಟಾರ್ಚು, ಚಿಕ್ಕ ಸುತ್ತಿಗೆ, ಒಂದು ಸ್ಕ್ರೂಡ್ರೈವರ್. ಗಾಡಿ ಸಮತಟ್ಟು ನೆಲದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಬರೀ ಜ್ಯಾಕ್ ನಂಬಿ ಯಾವತ್ತೂ ಗಾಡಿಯ ಕೆಳಗೆ ಹೋಗಬಾರದು.

ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು 'ಟಣ್' ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದೆ, 'ಡಬ್' ಅಂತ ಸಾಯುತ್ತದೆ. ನಾಲ್ಕು ಸಲ ತಟ್ಟಿದರೆ ಕಿವಿಗೆ ವ್ಯತ್ಯಾಸ ತಾನಾಗೇ ಗೊತ್ತಾಗುತ್ತದೆ. ಮಂಕು ಸದ್ದು ಬಂದ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಎಷ್ಟೋ ಗಾಡಿಗಳ ಚಾಸಿ ಪೆಟ್ಟಿಗೆಯಂತೆ ಒಳಗೆ ಟೊಳ್ಳು. ಕೆಸರು ಒಳಗೆ ಸೇರಿಕೊಳ್ಳುತ್ತದೆ, ಒದ್ದೆ ಆರುವುದೇ ಇಲ್ಲ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ತೂತು ಕಾಣುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ. ಹಿಂದಿನ ಅಡ್ಡ ತೊಲೆ, ಸ್ಪ್ರಿಂಗ್ ಕೂತಿರುವ ಜಾಗ, ಬಾಡಿಯ ಬೋಲ್ಟ್ ಬಿದ್ದಿರುವ ಜಾಗ, ಈ ಮೂರನ್ನು ಎರಡೆರಡು ಸಲ ನೋಡಿ. ಹಳೆಯ ಗಾಡಿಯ ಅಡಿಗೆ ಮಾತ್ರ ಹೊಚ್ಚ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಖುಷಿಪಡಬೇಡಿ. ಯಾಕೆ ಬಳಿದರು ಅಂತ ಕೇಳಿ.

ಅಲ್ಯುಮಿನಿಯಂ ಬಾಡಿ ತುಕ್ಕು ಹಿಡಿಯಲ್ಲ ಅಂತ ಮಾರುವವರು ಹೇಳುತ್ತಾರೆ. ಅರ್ಧ ನಿಜ. ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿ, ನಡುವೆ ಒದ್ದೆ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ಬಿಳಿ ಪುಡಿಯಾಗಿ ಉದುರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಅದು ಇದೇ.

ಆಮೇಲೆ ಆಯಿಲ್. ಗೇರ್ ಬಾಕ್ಸ್, ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿದ್ದು ಎರಡು ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ) ಸುತ್ತ ಸ್ವಲ್ಪ ಜಿಡ್ಡು ಇದ್ದರೆ ಹೆದರಬೇಡಿ, ಹಳೆ ಗಾಡಿಗಳು ಬೆವರುತ್ತವೆ. ತೊಟ್ಟಿಕ್ಕುತ್ತಿದ್ದರೆ ಯೋಚಿಸಿ. ಸಾಧ್ಯವಾದರೆ ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿ ಬೆರಳಿಗೆ ಆಯಿಲ್ ತಗೊಳ್ಳಿ. ಕಪ್ಪಗೆ, ಕಂದಾಗಿ ಇದ್ದರೆ ಸರಿ. ಹಾಲು ಬೆರೆಸಿದಂತೆ ಮಸುಕಾಗಿದ್ದರೆ ಒಳಗೆ ನೀರು ಹೋಗಿದೆ. ಬೆರಳಲ್ಲಿ ಚೂರು ಚೂರು ಲೋಹ ಮಿನುಗಿದರೆ ಹಲ್ಲುಗಳು ಸವೆದಿವೆ.

ಪಟ್ಟಿ ಸ್ಪ್ರಿಂಗ್‌ಗಳನ್ನು ಎರಡೂ ಕಡೆ ಹೋಲಿಸಿ. ಒಂದು ಪಟ್ಟಿ ಬಿರುಕು ಬಿಟ್ಟಿದ್ದರೂ, ಗಾಡಿ ಒಂದು ಕಡೆ ವಾಲಿದ್ದರೂ ಕಾಣುತ್ತದೆ.

ಹಂತ 4: ಓಡಿಸಿ ನೋಡಿ, ಅವಸರ ಬೇಡ

ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಸ್ಟೇರಿಂಗ್ ಸ್ವಲ್ಪ ಸಡಿಲ ಇರುವುದು ಈ ಗಾಡಿಗಳ ಸ್ವಭಾವ. ಆದರೆ ಗುಂಡಿ ಹಾರಿದಾಗ ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾಗಿ ನಿಲ್ಲದಿದ್ದರೆ ಅದು ಅಪಾಯ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು), ಬೇರಿಂಗ್, ಸ್ಟೇರಿಂಗ್ ರಾಡ್‌ಗಳ ತುದಿ, ಎಲ್ಲವನ್ನೂ ನೋಡಿಸಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರ್ ಹಾಕಿ ತೆಗೆದು ಪರೀಕ್ಷಿಸಿ. ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಮುಟ್ಟದೆ ಅದು ಅಂಟಿಕೊಂಡಿರುತ್ತದೆ.

ಹಂತ 5: ಎರಡನೇ ಲಿವರ್ ಕಲಿಯಿರಿ

ಕೊಂಡ ಮೇಲೆ ಮೊದಲ ವಾರದ ಪಾಠ ಇದು. ಗೇರ್ ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಎರಡನೇ ಲಿವರ್ ಇದರದೇ. ಹೆಚ್ಚಿನ ಹಳೆ ಗಾಡಿಗಳಲ್ಲಿ ಅದಕ್ಕೆ ಮೂರು ಜಾಗ ಇರುತ್ತವೆ: ಹಿಂದಿನ ಎರಡು ಚಕ್ರ, ನಾಲ್ಕು ಚಕ್ರ ಹೈ, ನಾಲ್ಕು ಚಕ್ರ ಲೋ.

ಟಾರು ರಸ್ತೆ ಒಣಗಿದ್ದಾಗ ನಾಲ್ಕು ಚಕ್ರಕ್ಕೆ ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಸುತ್ತಬೇಕು. ಈ ಗಾಡಿಗಳಲ್ಲಿ ಎರಡೂ ಆಕ್ಸಲ್ ಒಂದೇ ವೇಗಕ್ಕೆ ಕಟ್ಟಿಹಾಕಿದಂತೆ. ಕೆಸರು, ಮರಳು ಆದರೆ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಆಗಲ್ಲ, ಒಳಗಿನ ಹಲ್ಲು ಮತ್ತು ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಲಿವರ್ ಕಿತ್ತರೂ ಬರದಿದ್ದರೆ ಇದೇ ಕಾರಣ. ಸ್ವಲ್ಪ ರಿವರ್ಸ್ ಹೋದರೆ ಬಿಗಿ ಬಿಡುತ್ತದೆ.

ಲೋ ಅಂದರೆ ವೇಗ ಇಳಿದು ಎಳೆಯುವ ಬಲ ಎರಡು, ಎರಡೂವರೆ ಪಟ್ಟು ಏರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಇದರ ದೊಡ್ಡ ಉಪಯೋಗ ಹತ್ತುವಾಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಳಿಯುವಾಗ. ಲೋ ಒಂದನೇ ಗೇರಿಗೆ ಹಾಕಿ ಪೆಡಲ್‌ಗಳಿಂದ ಕಾಲು ತೆಗೆಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು, ಮಗುವನ್ನು ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತದೆ. ಕ್ಲಚ್ ಮಾತ್ರ ಒತ್ತಬೇಡಿ, ಒತ್ತಿದರೆ ಆ ಹಿಡಿತ ಒಮ್ಮೆಲೇ ಬಿಟ್ಟುಹೋಗುತ್ತದೆ.

ದಿಣ್ಣೆ ಹತ್ತುವಾಗ ಅರ್ಧಕ್ಕೆ ನಿಂತರೆ ತಿರುಗಿಸಲು ಹೋಗಬೇಡಿ. ಅಡ್ಡ ನಿಂತ ಗಾಡಿ ಉರುಳುತ್ತದೆ. ಬಂದ ದಾರಿಯಲ್ಲೇ ನೇರ ರಿವರ್ಸ್. ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಕ್ಕಿಸಬೇಡಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ.

ಇನ್ನೊಂದು ಮಾತು. ಫೋರ್ ವೀಲ್ ಹಾಕಿದ ಮೇಲೂ ಗಾಡಿ ಸಿಕ್ಕಿಕೊಳ್ಳಬಹುದು. ಆಕ್ಸಲ್‌ನ ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ಸುಮ್ನೆ ತಿರುಗುತ್ತದೆ, ನೆಲದಲ್ಲಿರುವುದು ನಿಂತೇ ಇರುತ್ತದೆ. ಡಿಫರೆನ್ಷಿಯಲ್ ಲಾಕ್ ಇದ್ದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಇಲ್ಲದಿದ್ದರೆ ಚಕ್ರದ ಕೆಳಗೆ ಕಲ್ಲು ಜೋಡಿಸಿ. ಆಕ್ಸಿಲೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಅಷ್ಟೇ.

ಹಂತ 6: ಗಾಳಿ ಇಳಿಸಿ

ದುಡ್ಡು ಖರ್ಚಿಲ್ಲದೆ ಗಾಡಿಯ ಶಕ್ತಿ ಹೆಚ್ಚಿಸುವ ಉಪಾಯ ಇದು. ರಸ್ತೆಯಲ್ಲಿ 30-35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು ಮೆತ್ತನೆ ಮರಳಿನಲ್ಲಿ 18-20ಕ್ಕೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ಉದ್ದಕ್ಕೆ ಹರಡುತ್ತದೆ, ಮುಳುಗುವುದು ನಿಲ್ಲುತ್ತದೆ. ಆ ಗಾಳಿಯಲ್ಲಿ ವೇಗ ಬೇಡ, ಚುರುಕು ತಿರುವು ಬೇಡ. ರಸ್ತೆಗೆ ಬರುವ ಮುನ್ನ ಮತ್ತೆ ತುಂಬಿಸಿ. ಅದಕ್ಕೆ ಗೇಜ್ ಮತ್ತು ಪುಟ್ಟ ಕಂಪ್ರೆಸರ್ ಗಾಡಿಯಲ್ಲೇ ಇರಬೇಕು. ಬೇರೆ ಅಲಂಕಾರ ಎಲ್ಲ ಆಮೇಲೆ.

ಹಂತ 7: ನೀರಿಗೆ ಇಳಿಯುವ ಮೊದಲು ನೀವು ಇಳಿಯಿರಿ

ಹರಿಯುವ ನೀರನ್ನು ನಡೆದು ದಾಟಲು ಆಗದಿದ್ದರೆ ಗಾಡಿಯನ್ನೂ ಇಳಿಸಬೇಡಿ. ನಡೆದರೆ ಆಳ ತಿಳಿಯುತ್ತದೆ, ತಳ ಕಲ್ಲೋ ಕೆಸರೋ ಗೊತ್ತಾಗುತ್ತದೆ. ದಾಟುವಾಗ ಲೋ ಗೇರು, ನಡಿಗೆಯ ವೇಗ, ನಿಲ್ಲಿಸದೆ. ಎಂಜಿನ್ ಗಾಳಿಯ ಬದಲು ನೀರು ಎಳೆದುಕೊಂಡರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಎಳೆಸಿಕೊಂಡು ಹೊರಗೆ ಬನ್ನಿ.

ಇನ್ನೊಂದು ಕಾಣದ ತೊಂದರೆ ಇದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿನಿಂದ ನೀರು ಹೀರುತ್ತದೆ. ಡಿಫರೆನ್ಷಿಯಲ್ ಉಸಿರಾಡುವ ಬ್ರೀದರ್ ಪೈಪು ಮೇಲಕ್ಕೆ ಎಳೆದಿದ್ದು, ಅದು ಕಟ್ಟಿಕೊಂಡಿಲ್ಲದಿದ್ದರೆ ಈ ಕಾಟ ಕಡಿಮೆ. ಮೇಲೆ ಬಂದ ಮೇಲೆ ಬ್ರೇಕ್ ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಹಳೆಯ ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದೇ ಇಲ್ಲ.

ಹಂತ 8: ಎಳೆಯುವ ಹಗ್ಗ

ಸಿಕ್ಕಿಕೊಂಡ ಗಾಡಿಯನ್ನು ಟ್ರೈಲರ್ ಕಟ್ಟುವ ಗುಂಡಿನಿಂದ ಎಳೆಯಬೇಡಿ. ಅದು ತುಂಡಾದರೆ ಫಿರಂಗಿ ಗುಂಡಿನಂತೆ ಹಾರುತ್ತದೆ, ಜೀವ ಹೋಗಿದ್ದೂ ಇದೆ. ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಕೊಕ್ಕೆಗೇ ಕಟ್ಟಿ. ನೋಡಲು ನಿಂತವರನ್ನೆಲ್ಲ ಹಗ್ಗದ ಉದ್ದಕ್ಕಿಂತ ದೂರ ಕಳಿಸಿ, ಆಮೇಲೆ ಎಳೆಯಿರಿ. ನಾಚಿಕೆ ಬೇಡ, ಜೋರಾಗಿಯೇ ಹೇಳಿ.

ಹಂತ 9: ಮನೆಗೆ ಬಂದ ಸಂಜೆ

ಕೆಸರು ಹಸಿಯಾಗಿರುವಾಗಲೇ ತೊಳೆಯಿರಿ. ಮೇಲಿನ ಬಾಡಿ ನಾಳೆಯಾದರೂ ನಡೆಯುತ್ತದೆ. ಚಾಸಿಯ ತೂತುಗಳಿಗೆ ಪೈಪು ಇಟ್ಟು ಒಳಗೆ ನೀರು ಬಿಡಿ, ಹೊರಬರುವ ನೀರು ತಿಳಿಯಾಗುವವರೆಗೂ ಬಿಡಿ. ಆಮೇಲೆ ಗ್ರೀಸ್ ಗನ್. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಲ್ಲಿ, ಸ್ಪ್ರಿಂಗ್ ತೂಗುವ ಕಡೆ ಪುಟ್ಟ ನಿಪ್ಪಲ್‌ಗಳಿರುತ್ತವೆ. ಹಳೆಯ ಗ್ರೀಸ್ ಕೆಸರಿನ ಜೊತೆ ಕಪ್ಪಗೆ ಹೊರಬಂದು, ಹೊಸದು ಇಣುಕುವವರೆಗೂ ಹೊಡೆಯಿರಿ. ನೀರು ದಾಟಿದ್ದರೆ ಡಿಫರೆನ್ಷಿಯಲ್ ಆಯಿಲ್ ನೋಡಿ. ಮಸುಕಾಗಿದ್ದರೆ ಅವತ್ತೇ ಬದಲಿಸಿ, ಬರುವ ಭಾನುವಾರಕ್ಕೆ ಇಡಬೇಡಿ.

ಗಾಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ದಿನ, ಎಷ್ಟು ಕಿಲೋಮೀಟರ್‌ಗೆ ಏನು ಬದಲಿಸಿದಿರಿ, ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಬೇಕಾಯಿತು, ಎಲ್ಲ ಬರೆಯಿರಿ. ನನ್ನ ಈಗಿನ ಗಾಡಿಯ ಜೊತೆ ಹಿಂದಿನ ಮಾಲೀಕರ ಇಂಥದ್ದೇ ಒಂದು ಪುಸ್ತಕ ಬಂತು, ಹಾಳೆಗಳ ತುಂಬ ಆಯಿಲ್ ಕೈಯ ಗುರುತು. ಚಾಸಿಗೆ ಸುತ್ತಿಗೆ ತಟ್ಟಿ ನೋಡಿದ ಮೇಲೆ ನಾನು ಓದಿದ್ದು ಅದನ್ನೇ, ಓದಿ ಮುಗಿಸಿ ಮುಂಗಡ ಕೊಟ್ಟೆ.