ಹೋಟೆಲ್ ಬ್ರ್ಯಾಂಡಿನ ಅಪಾರ್ಟ್‌ಮೆಂಟ್ ಕೊಳ್ಳುವುದು ಹೇಗೆ?

ಬೆಂಗಳೂರಿನ ಬಳ್ಳಾರಿ ರಸ್ತೆಯ ಎಂಬೆಸಿ ಒನ್ ಸಂಕೀರ್ಣದಲ್ಲಿ ಫೋರ್ ಸೀಸನ್ಸ್ ಹೋಟೆಲ್ ಇದೆ, ಅದೇ ಹೆಸರು ಹೊತ್ತ ಮನೆಗಳೂ ಇವೆ. ಮುಂಬೈಯಲ್ಲೂ ಇಂಥ ಕಟ್ಟಡಗಳಿವೆ. ನ್ಯೂಯಾರ್ಕಿನ ಶೆರಿ-ನೆದರ್‌ಲ್ಯಾಂಡ್ ಅಂತೂ 1927ರಿಂದಲೇ ಹೋಟೆಲು, ಮನೆ ಎರಡನ್ನೂ ಒಂದೇ ಸೂರಿನಡಿ ನಡೆಸಿಕೊಂಡು ಬಂದಿದೆ. ಊರ ನಡುವೆ ವಾಸ, ಫೋನ್ ಮಾಡಿದರೆ ಊಟ, ನಲ್ಲಿ ಸೋರಿದರೆ ಹತ್ತು ನಿಮಿಷದಲ್ಲಿ ಬರುವ ಪ್ಲಂಬರ್. ವಯಸ್ಸಾದ ಅಪ್ಪ-ಅಮ್ಮನನ್ನು ಇಲ್ಲಿ ಬಿಟ್ಟು ದುಬೈಯಲ್ಲೋ ಸಿಂಗಪುರದಲ್ಲೋ ದುಡಿಯುವವರಿಗೆ ಇದು ಬರೀ ಶೋಕಿಯಲ್ಲ, ದೊಡ್ಡ ನೆಮ್ಮದಿ. ಆದರೆ ಆ ನೆಮ್ಮದಿ ನಿಂತಿರುವುದು ಒಂದು ಒಪ್ಪಂದದ ಮೇಲೆ. ಲಾಬಿಯ ಅಮೃತಶಿಲೆ ನೋಡುವ ಮೊದಲು ಆ ಒಪ್ಪಂದ ನೋಡಬೇಕು.

ಮೊದಲು: ಯಾರು ಯಾರು ಅಂತ ತಿಳಿದುಕೊಳ್ಳಿ

ಇಂಥ ಮನೆಯ ಹಿಂದೆ ಸಾಮಾನ್ಯವಾಗಿ ಮೂವರಿರುತ್ತಾರೆ. ಕಟ್ಟಿ ಮಾರುವವರು ಬಿಲ್ಡರ್. ಹೆಸರು ಕೊಟ್ಟು, ಸೇವೆ ನಡೆಸುವುದು ಹೋಟೆಲ್ ಕಂಪನಿ. ಮುಂದೆ ಕಟ್ಟಡದ ಹೊಣೆ ಹೊರುವುದು ನಿವಾಸಿಗಳ ಸಂಘ. ನಿಮ್ಮ ಕ್ರಯಪತ್ರಕ್ಕೆ ಸಹಿ ಹಾಕುವವರು ಬಿಲ್ಡರ್ ಮತ್ತು ಜಾಗದ ಮಾಲೀಕರು. ಕಟ್ಟಡ ತಡವಾದರೆ, ಗೋಡೆ ಬಿರುಕು ಬಿಟ್ಟರೆ ಹೋಟೆಲ್ ಕಂಪನಿಯನ್ನು ಕೇಳುವ ಹಾಗಿಲ್ಲ. ‘ಈ ಮನೆಗಳನ್ನು ನಾವು ಕಟ್ಟುತ್ತಿಲ್ಲ, ಮಾರುತ್ತಿಲ್ಲ, ಹೆಸರನ್ನು ಪರವಾನಗಿಯ ಮೇಲೆ ಬಳಸಲಾಗಿದೆ’ ಎಂಬ ಅರ್ಥದ ಸಾಲು ಬ್ರೋಷರಿನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುವುದುಂಟು. ಓದಲು ಶುರು ಮಾಡಬೇಕಾದದ್ದು ಅಲ್ಲಿಂದ.

ಎರಡನೆಯದು: ಹೆಸರು ಎಷ್ಟು ವರ್ಷಕ್ಕೆ?

ನನ್ನ ಮಟ್ಟಿಗೆ ಇಡೀ ವ್ಯವಹಾರದ ಜೀವಾಳ ಇದೇ. ಪಕ್ಕದ ಮಾಮೂಲಿ ಅಪಾರ್ಟ್‌ಮೆಂಟಿಗಿಂತ ನೀವು ಹೆಚ್ಚು ದುಡ್ಡು ಕೊಡುವುದು ಆ ಹೆಸರಿಗೆ. ಆ ಹೆಸರು ಮಾತ್ರ ನಿಮ್ಮ ಆಸ್ತಿಯಲ್ಲ.

2018ರ ಮಾರ್ಚ್‌ನಲ್ಲಿ ಪನಾಮ ನಗರದ ಟ್ರಂಪ್ ಹೋಟೆಲಿನ ಎದುರು ಒಬ್ಬ ಕೆಲಸಗಾರ ಸುತ್ತಿಗೆ, ಸಲಾಕೆ ಹಿಡಿದು ನಿಂತು, ಫಲಕದ ಮೇಲಿದ್ದ ಟ್ರಂಪ್ ಎಂಬ ಹೆಸರಿನ ಅಕ್ಷರಗಳನ್ನು ಕಿತ್ತುಹಾಕಿದ. ಮಾಲೀಕರಿಗೂ ನಿರ್ವಹಣೆ ಮಾಡುತ್ತಿದ್ದ ಕಂಪನಿಗೂ ಬಹಳ ಕಾಲ ನಡೆದ ಜಗಳ ಅಲ್ಲಿಗೆ ಬಂದು ನಿಂತಿತ್ತು. ಆಮೇಲೆ ಆ ಹೋಟೆಲು ಜೆಡಬ್ಲ್ಯೂ ಮಾರಿಯಟ್ ಆಯಿತು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2017ರ ಕೊನೆಯಲ್ಲಿ, ನ್ಯೂಯಾರ್ಕಿನ ಟ್ರಂಪ್ ಸೋಹೊ ‘ದಿ ಡೊಮಿನಿಕ್’ ಎಂದು ಹೆಸರು ಬದಲಿಸಿಕೊಂಡಿತು. ಎರಡೂ ಕಡೆ ಜನ ಘಟಕಗಳನ್ನು ಕೊಂಡದ್ದು ಹಳೆಯ ಹೆಸರಿನಲ್ಲಿ.

ಆದ್ದರಿಂದ ಬಿಲ್ಡರ್ ಮತ್ತು ಹೋಟೆಲ್ ಕಂಪನಿಯ ನಡುವಿನ ಒಪ್ಪಂದದ ಮುಖ್ಯ ಷರತ್ತುಗಳನ್ನು ಬರವಣಿಗೆಯಲ್ಲಿ ಕೇಳಿ. ಅವಧಿ ಎಷ್ಟು? ಅವಧಿಗೆ ಮೊದಲೇ ಕೈಬಿಡುವ ಹಕ್ಕು ಯಾರಿಗಿದೆ? ಹೋಟೆಲ್ ಮುಚ್ಚಿದರೆ ಮನೆಗಳ ಸೇವೆಯೂ ನಿಲ್ಲುತ್ತದೆಯೇ? ಸಂಘ ರಚನೆಯಾದ ಮೇಲೆ ಒಪ್ಪಂದ ಅದರ ಹೆಸರಿಗೆ ಬರುತ್ತದೆಯೇ? ‘ಅದು ಗೌಪ್ಯ, ತೋರಿಸಲಾಗದು’ ಎಂದರೆ, ಇಷ್ಟು ಪ್ರಶ್ನೆಗೆ ಉತ್ತರವನ್ನಾದರೂ ಮಾರಾಟದ ಕರಾರಿನಲ್ಲಿ ಸೇರಿಸಲು ಹೇಳಿ. ಅದಕ್ಕೂ ಒಪ್ಪದಿದ್ದರೆ ಮುಂಗಡ ಕೊಡಬೇಡಿ.

ಮೂರನೆಯದು: ಈಜುಕೊಳ ಯಾರದ್ದು?

ಮಾದರಿ ಮನೆ ತೋರಿಸುವವರು ಈಜುಕೊಳ, ಸ್ಪಾ, ಜಿಮ್ ಎಲ್ಲವನ್ನೂ ಸುತ್ತಿಸುತ್ತಾರೆ. ಅವು ನಿವಾಸಿಗಳ ಸಾಮಾನ್ಯ ಸ್ವತ್ತೋ, ಹೋಟೆಲಿನ ಸ್ವತ್ತೋ? ಹೋಟೆಲಿನದ್ದಾದರೆ ನಿಮಗಿರುವುದು ಬಳಸುವ ಅವಕಾಶ ಮಾತ್ರ. ನಾಳೆ ಅದಕ್ಕೆ ಶುಲ್ಕ ಹಾಕಬಹುದು, ನಿಲ್ಲಿಸಲೂಬಹುದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ನೋಂದಣಿಯಾಗುವ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ (ಕಟ್ಟಡದ ಘೋಷಣಾ ಪತ್ರದಲ್ಲಿ) ಸಾಮಾನ್ಯ ಜಾಗಗಳ ವಿವರ ಇರಬೇಕು. ಜಾಗದಲ್ಲಿ ನಿಮಗೆ ಬರುವ ಅವಿಭಜಿತ (ಬೇರೆ ಮಾಡಿ ಗುರುತಿಸದ) ಪಾಲು ಎಷ್ಟು, ಅದೇ ನೆಲದಲ್ಲಿ ಹೋಟೆಲಿನ ಪಾಲೆಷ್ಟು ಎಂಬುದನ್ನು ವಕೀಲರಿಂದ ಓದಿಸಿ. ಲಿಫ್ಟು, ಪ್ರವೇಶದ್ವಾರ, ವಿದ್ಯುತ್ ಮತ್ತು ನೀರಿನ ಮೀಟರು ಬೇರೆ ಬೇರೆ ಇವೆಯೇ ಎಂದೂ ನೋಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಬೆಂಗಳೂರಿಗರಿಗೆ ಇದರ ಮಹತ್ವ ವಿವರಿಸಬೇಕಿಲ್ಲ.

ನಾಲ್ಕನೆಯದು: ತಿಂಗಳ ಲೆಕ್ಕ

ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು, ಮೇಂಟೆನೆನ್ಸ್ ಮುಗಿಯುವುದಿಲ್ಲ. ಉದಾಹರಣೆಗೆ, 3,000 ಚದರಡಿಯ ಮನೆಗೆ ಚದರಡಿಗೆ 20 ರೂಪಾಯಿಯಂತೆ ಇಟ್ಟುಕೊಳ್ಳಿ. ತಿಂಗಳಿಗೆ 60,000 ಆಯಿತು. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 70,800. ವರ್ಷಕ್ಕೆ ಸುಮಾರು ಎಂಟೂವರೆ ಲಕ್ಷ! ನೀವು ಅಲ್ಲಿ ವಾಸವಿದ್ದರೂ ಇಲ್ಲದಿದ್ದರೂ ಇದು ತಪ್ಪದು. ಊಟ, ಲಾಂಡ್ರಿ, ಮನೆ ಗುಡಿಸಿ ಒರೆಸುವ ಕೆಲಸಕ್ಕೆ ಸಾಮಾನ್ಯವಾಗಿ ಬಿಲ್ಲು ಬೇರೆ.

ಲೆಕ್ಕ ಕಾರ್ಪೆಟ್ ಏರಿಯಾದ (ಮನೆಯೊಳಗಿನ ಬಳಕೆಯ ಜಾಗ) ಮೇಲೋ, ಸೂಪರ್ ಬಿಲ್ಟ್‌ಅಪ್ (ಗೋಡೆ, ಸಾಮಾನ್ಯ ಜಾಗದ ಪಾಲೂ ಸೇರಿದ್ದು) ಮೇಲೋ ಎಂದು ಕೇಳಿ. ಹೋಟೆಲ್ ಕಂಪನಿಯ ನಿರ್ವಹಣಾ ಶುಲ್ಕ ಅದರೊಳಗೇ ಸೇರಿದೆಯೇ, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಲಾಬಿಯ ಸೋಫಾ, ದೀಪ ಬದಲಿಸಲು ಕಟ್ಟಬೇಕಾದ ಮೀಸಲು ನಿಧಿ ಎಷ್ಟು ಎಂದೂ ತಿಳಿದುಕೊಳ್ಳಿ. ಬ್ರ್ಯಾಂಡಿನ ಗುಣಮಟ್ಟ ಕಾಯುವ ಹೆಸರಿನಲ್ಲಿ ಈ ಖರ್ಚು ಬೇಡ ಎನ್ನುವ ಅವಕಾಶ ಸಂಘಕ್ಕೆ ಕಡಿಮೆ. ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಅದರ ನಿಯಮವನ್ನೂ ಈಗಲೇ ಓದಿ. ಕೆಲವು ಕಡೆ ದಿನಗಳ ಲೆಕ್ಕದ ಬಾಡಿಗೆಗೆ ಅವಕಾಶವೇ ಇರುವುದಿಲ್ಲ. ‘ಇಷ್ಟು ಬಾಡಿಗೆ ಖಾತ್ರಿ’ ಎಂಬ ಬಾಯಿಮಾತಿಗೆ ಬೆಲೆ ಕೊಡಬೇಡಿ.

ಐದನೆಯದು: ಕಾಗದಪತ್ರ

ಇದು ಯಾವ ಫ್ಲ್ಯಾಟಿಗೂ ಒಂದೇ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ಅನುಮೋದಿತ ನಕ್ಷೆ, ಮುಗಿಸುವ ದಿನಾಂಕ, ದೂರುಗಳನ್ನು ನೋಡಿ. ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ) ತೆಗೆಸಿ, ಇ-ಖಾತಾ (ನಗರಾಡಳಿತದ ಆಸ್ತಿ ದಾಖಲೆ) ಕೇಳಿ. ಮುಗಿದ ಕಟ್ಟಡವಾದರೆ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಇಲ್ಲದೆ ಮುಂದುವರಿಯಬೇಡಿ. ಜಾಹೀರಾತು, ಬ್ರೋಷರು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಎಲ್ಲವನ್ನೂ ಉಳಿಸಿಟ್ಟುಕೊಳ್ಳಿ. ಸುಳ್ಳು ಜಾಹೀರಾತು ನಂಬಿ ನಷ್ಟವಾದವರಿಗೆ ರೇರಾ ಕಾಯ್ದೆ ಪರಿಹಾರದ ಹಕ್ಕು ಕೊಟ್ಟಿದೆ.

ಆರನೆಯದು: ದುಡ್ಡು ಕಟ್ಟುವ ಕ್ರಮ

ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. 10 ಕೋಟಿಯ ಮನೆಯೆಂದು ಇಟ್ಟುಕೊಂಡರೆ ಒಂದು ಕೋಟಿಗೆ ನಿಲ್ಲಬೇಕು. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 76 ಲಕ್ಷ. ಇನ್ನೂ ಕಟ್ಟುತ್ತಿರುವ ಮನೆಯಾದರೆ ಶೇ 5ರ ಜಿಎಸ್‌ಟಿ, 50 ಲಕ್ಷ. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಬೆಲೆಯ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮುದ್ರಾಂಕ, ನೋಂದಣಿ ಖರ್ಚು ಆ ಲೆಕ್ಕದಿಂದ ಹೊರಗೆ. ಹೀಗಾಗಿ ಬೆಲೆಯಲ್ಲಿ ಉಳಿದ 2.5 ಕೋಟಿ, ಈ ಖರ್ಚಿನ 76 ಲಕ್ಷ ಸೇರಿ ಕೈಯಲ್ಲಿ ಕನಿಷ್ಠ 3.26 ಕೋಟಿ ಬೇಕು. ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಆಗಿ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ 1 ಅನ್ವಯಿಸದು, ದರ ತುಂಬಾ ಹೆಚ್ಚು. ಕಡಿಮೆ ಹಿಡಿದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಇಂಥ ಮನೆಗಳ ಮಾಲೀಕರಲ್ಲಿ ಹೊರದೇಶದವರು ಹಲವರಿರುವುದರಿಂದ ಮರುಮಾರಾಟದಲ್ಲಿ ಕೊಳ್ಳುವವರು ಇದನ್ನು ಮೊದಲೇ ಲೆಕ್ಕಪರಿಶೋಧಕರಲ್ಲಿ ಕೇಳಬೇಕು.

ವಿದೇಶದಲ್ಲಿರುವ ಕನ್ನಡಿಗರು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಇಲ್ಲದೆಯೇ ವಾಸದ ಮನೆ ಕೊಳ್ಳಬಹುದು. ಹಣ ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿಗಳ ಬ್ಯಾಂಕ್ ಖಾತೆಯಿಂದಲೋ ಬ್ಯಾಂಕಿನ ಮೂಲಕವೋ ಬರಬೇಕು.

ಕೊನೆಗೆ: ಕೀಲಿ ಕೈಗೆ ಬರುವಾಗ

ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೋಡಿ, ಎಸಿ ಒಂದು ಗಂಟೆಯಾದರೂ ಓಡಲಿ, ಬಚ್ಚಲಿನ ನೀರು ಎತ್ತ ಹರಿಯುತ್ತದೆ ಗಮನಿಸಿ. ಕಂಡ ದೋಷಗಳನ್ನು ಬರೆದು ಬಿಲ್ಡರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವಾಧೀನ ಸಿಕ್ಕ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆಯಾಗಿ ಸರಿಪಡಿಸಬೇಕು.