ಕಾಡು ಬೆಟ್ಟಾ ತರುವ ಮುನ್ನ ನೀರು ಹದ ಮಾಡಿ

ಅಂಗಡಿಯ ಬಟ್ಟಲಿನಲ್ಲಿ ಉದ್ದ ರೆಕ್ಕೆ ಬಿಚ್ಚಿ ನಿಲ್ಲುವ ಬೆಟ್ಟಾ, ತಲೆಮಾರುಗಳಿಂದ ಮನುಷ್ಯರ ಕೈಯಲ್ಲಿ ಬೆಳೆದ ಮೀನು. ಆಗ್ನೇಯ ಏಷ್ಯಾದ ಜೌಗಿನಲ್ಲಿ ಹಿಡಿದು ತಂದ ಕಾಡು ಬೆಟ್ಟಾಗೆ ಗಾಜೂ ಹೊಸದು, ಒಣ ಆಹಾರವೂ ಹೊಸದು.

ಮೊದಲು ಪ್ರಭೇದ ಯಾವುದೆಂದು ಖಚಿತಪಡಿಸಿಕೊಳ್ಳಿ. ಬೆಟ್ಟಾ ಕುಲದಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳಿವೆ. ಕಾಕ್ಸಿನಾ ಚಹಾ ಬಣ್ಣದ ಆಮ್ಲೀಯ ನೀರಿನದು. ಮಹಾಚಾಯೆನ್ಸಿಸ್ ಬ್ಯಾಂಕಾಕ್ ಸಮೀಪದ ಕರಾವಳಿಯ ಸವುಳು ನೀರಿನದು. ಒಂದರ ನೀರು ಇನ್ನೊಂದಕ್ಕೆ ಒಗ್ಗದು.

ಜೋಡಿಯೊಂದಕ್ಕೆ ಸುಮಾರು 40 ಲೀಟರಿನ ತೊಟ್ಟಿ, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, ಮಂದ ಬೆಳಕು, ಅಡಗಲು ಬೇರು, ತಳದಲ್ಲಿ ಕಾಡುಬಾದಾಮಿಯ ಒಣ ಎಲೆ. ಇವಿಷ್ಟು ಸಾಕು. ಮುಚ್ಚಳ ಮಾತ್ರ ಬಿಗಿಯಾಗಿರಲಿ. ಗಾಳಿಕೊಳವೆಗೆಂದು ಬಿಟ್ಟ ಬೆರಳಗಲದ ಸಂದಿಯಿಂದ ಹಾರಿದ ಮೀನನ್ನು ಬೆಳಿಗ್ಗೆ ನೆಲದ ಮೇಲೆ ಕಂಡವನು ನಾನು. ಬೆಟ್ಟಾ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ; ಮುಚ್ಚಳದಡಿಯ ಗಾಳಿ ಬೆಚ್ಚಗೆ, ತೇವವಾಗಿರಲು ನೀರಿನ ಮೇಲೆ ಒಂದಿಷ್ಟು ಜಾಗ ಬಿಡಿ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಆಮ್ಲೀಯ ನೀರಿನಲ್ಲಿ ಅವು ಇನ್ನೂ ನಿಧಾನ. ಅಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಅಪಾಯ ಕಡಿಮೆ. ಆದರೆ ಪಿಎಚ್ ಹೆಚ್ಚಿರುವ, ಅಂದರೆ ಆಮ್ಲೀಯತೆ ಕಡಿಮೆಯಿರುವ, ನಲ್ಲಿ ನೀರನ್ನು ಒಮ್ಮೆಲೇ ಸುರಿದರೆ ಅದೇ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಹಾಗಾಗಿ ವಾರಕ್ಕೆ ಹತ್ತನೇ ಒಂದು ಭಾಗದಷ್ಟು ನೀರನ್ನು, ಕ್ಲೋರಿನ್ ತೆಗೆದು, ಪಿಎಚ್ ಮತ್ತು ಉಷ್ಣತೆ ಹೊಂದಿಸಿಕೊಂಡೇ ಬದಲಿಸಿ.

ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಪ್ರತ್ಯೇಕವಾಗಿಡಿ. ಟಾರ್ಚ್ ಬೆಳಕಿನಲ್ಲಿ ಮೈಮೇಲೆ ಚಿನ್ನದ ಪುಡಿ ಉದುರಿದಂತೆ ಕಂಡರೆ ಅದು ವೆಲ್ವೆಟ್ ಎಂಬ ಪರಾವಲಂಬಿ ರೋಗ. ತಡಮಾಡದೆ ಚಿಕಿತ್ಸೆ ಕೊಡಿ.

ಒಣ ಕಾಳನ್ನು ಕಾಡು ಬೆಟ್ಟಾ ತಿರುಗಿಯೂ ನೋಡದಿರಬಹುದು. ಸೊಳ್ಳೆಮರಿ, ಡಾಫ್ನಿಯಾ ಎಂಬ ನೀರಿನ ಪುಟ್ಟ ಜೀವಿಯಂಥ ಜೀವಂತ ಆಹಾರದಿಂದ ಆರಂಭಿಸಿ, ನಡುನಡುವೆ ಹೆಪ್ಪುಗಟ್ಟಿಸಿದ್ದನ್ನು ಬೆರೆಸುತ್ತಾ ಬನ್ನಿ.

ಕೊನೆಗೊಂದು ಎಚ್ಚರಿಕೆ. ಕೆಲವು ಪ್ರಭೇದಗಳು ನೊರೆಗೂಡು ಕಟ್ಟಿದರೆ, ಇನ್ನು ಕೆಲವದರಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಕಾಪಾಡುತ್ತದೆ. ಗಂಟಲುಬ್ಬಿಸಿಕೊಂಡು, ದಿನಗಟ್ಟಲೆ ಆಹಾರ ಮುಟ್ಟದೆ ಮೂಲೆಯಲ್ಲಿ ನಿಂತರೆ ಕಾಯಿಲೆಯೆಂದು ಔಷಧದ ಸೀಸೆ ತೆರೆಯಬೇಡಿ. ತೊಟ್ಟಿಯ ಮುಂದೆ ಓಡಾಟ ಕಡಿಮೆ ಮಾಡಿ. ಬೆದರಿದರೆ ಮೊಟ್ಟೆಗಳನ್ನು ನುಂಗಿಬಿಡುತ್ತದೆ.